ತೊಗರಿ ಕೇಳಿದವರಿಗೆ ಆಡು ಕೊಟ್ಟ ಯಂತ್ರ

ಸಂತೋಷವಾದರೆ ಸುಮ್ಮನೆ ಕೂರುವುದು ನನ್ನಿಂದ ಆಗುವುದಿಲ್ಲ. ಕೈ ತಟ್ಟುತ್ತೇನೆ, ಎದ್ದು ಓಡಾಡುತ್ತೇನೆ, ಪಕ್ಕದಲ್ಲಿದ್ದವರ ಬೆನ್ನಿಗೆ ಗುದ್ದುತ್ತೇನೆ. ಸಿಟ್ಟು ಬಂದಾಗಲೂ ಹೆಚ್ಚುಕಡಿಮೆ ಇದನ್ನೇ ಮಾಡುವುದರಿಂದ ಮನೆಯವರಿಗೆ ಎರಡರ ವ್ಯತ್ಯಾಸ ತಿಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಹೀಗಾಗಿ ಆ ಸಂಜೆ ಸಿಂದಗಿಯ ವಾಚನಾಲಯದಲ್ಲಿ ನಮ್ಮ ಯಂತ್ರಕ್ಕೆ ಪೂರ್ತಿ ಅಂಕ ಬಂದಾಗ ನಾನು ಕುಣಿದೆ ಎಂದರೆ ನಿಜವಾಗಿಯೂ ಕುಣಿದೆ ಎಂದೇ ತಿಳಿಯಬೇಕು. ಪತ್ರಿಕೆ ಓದುತ್ತ ಕೂತಿದ್ದ ಹಿರಿಯರೊಬ್ಬರು ಕನ್ನಡಕ ಇಳಿಸಿ ನೋಡಿ, ಈಕೆಗೆ ಎಲ್ಲೋ ನೌಕರಿ ಖಾಯಂ ಆಗಿರಬೇಕು ಎಂದು ಪಕ್ಕದವರಿಗೆ ಹೇಳಿದರು.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಗ್ರಂಥಾಲಯ ವಿಜ್ಞಾನ ಓದಿ ಮುಗಿಸಿದ್ದ ನನಗೆ ಒಂದು ಯೋಜನೆಯಲ್ಲಿ ಕೆಲಸ ಸಿಕ್ಕಿತ್ತು. ಒಕ್ಕಲುತನದ ಬಗ್ಗೆ ಕನ್ನಡದಲ್ಲಿ ಬಂದ ಕರಪತ್ರ, ಪತ್ರಿಕೆಯ ಲೇಖನ, ರೇಡಿಯೊ ಭಾಷಣ ಎಲ್ಲವನ್ನೂ ಟೈಪು ಮಾಡಿಸಿ ಕಂಪ್ಯೂಟರಿಗೆ ತುಂಬಿದ್ದೆವು. ರೈತರು ಬಂದು ತಮ್ಮ ಕಷ್ಟ ಹೇಳಿದರೆ ಅದಕ್ಕೆ ತಕ್ಕ ಕಾಗದಗಳನ್ನು ಯಂತ್ರ ಹುಡುಕಿ ಕೊಡಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರುಗಳ ವಾಚನಾಲಯಗಳಲ್ಲಿ ಒಂದೊಂದು ಕಂಪ್ಯೂಟರ್ ಇಟ್ಟಿದ್ದೆವು. ನಿಜ ಹೇಳಬೇಕೆಂದರೆ ಅವುಗಳನ್ನು ಈ ಊರುಗಳಿಗೆ ತರಿಸಿದವಳು ನಾನೇ. ಮೊದಲು ಬೇರೆ ಜಿಲ್ಲೆಯ ಮಾತಿತ್ತು. ನಾನು ಬಾಗೇವಾಡಿಯವಳು, ನಮ್ಮ ಮಂದಿಗೆ ಏನು ಕಡಿಮೆಯಾಗಿದೆ, ನಮ್ಮ ಕಡೆಯವರು ಓದುವುದಿಲ್ಲವೇ ಎಂದು ಧಾರವಾಡದಲ್ಲಿ ಸಭೆಯ ಮೇಜು ಗುದ್ದಿ ಜಗಳ ತೆಗೆದಿದ್ದೆ. ಅದಕ್ಕೇ ಆ ನಾಲ್ಕು ಪೆಟ್ಟಿಗೆಗಳು ನನಗೆ ಬರೀ ಪೆಟ್ಟಿಗೆಗಳಾಗಿರಲಿಲ್ಲ. ಯಾರಾದರೂ ಅವುಗಳ ಮೇಲೆ ಚಹಾದ ಕಪ್ಪು ಇಟ್ಟರೆ ನನ್ನ ತಲೆಯ ಮೇಲೆ ಇಟ್ಟಷ್ಟು ಉರಿಯುತ್ತಿತ್ತು.

ಯಂತ್ರ ಚೆನ್ನಾಗಿ ಹುಡುಕುತ್ತದೋ ಇಲ್ಲವೋ ಎಂದು ಅಳೆಯುವುದು ನನ್ನ ಕೆಲಸ. ಅಳೆಯುವುದೆಂದರೇನು ಎಂದು ಅವ್ವ ಕೇಳಿದಾಗ ನಾನು ಸಂತೆಯ ಲೆಕ್ಕದಲ್ಲಿ ಹೇಳಿದ್ದೆ. ಅಪ್ಪನನ್ನು ಸಂತೆಗೆ ಕಳಿಸುತ್ತೀ. ಬಂದ ಮೇಲೆ ಚೀಲ ಸುರುವಿ ಎರಡು ಸಂಗತಿ ನೋಡುತ್ತೀ. ತಂದದ್ದರಲ್ಲಿ ಮನೆಗೆ ಬೇಕಾದದ್ದು ಎಷ್ಟು? ಮನೆಗೆ ಬೇಕಾದದ್ದರಲ್ಲಿ ಬಂದದ್ದು ಎಷ್ಟು? ಅಷ್ಟೇ, ನಮ್ಮ ಶಾಸ್ತ್ರವೆಲ್ಲ ಈ ಎರಡು ಪ್ರಶ್ನೆಯಲ್ಲಿದೆ. ಅವ್ವ ಸ್ವಲ್ಪ ಯೋಚಿಸಿ, ಹಾಗಾದರೆ ನಿಮ್ಮಪ್ಪ ಎರಡರಲ್ಲಿಯೂ ನಪಾಸು ಎಂದಳು.

ಒಂದೇ ಕಂಪ್ಯೂಟರಿನೊಳಗೆ ಹುಡುಕುವ ಯಂತ್ರ ಎರಡು ಬಗೆಯದಿತ್ತು. ಹಳೆಯದು ಮೂಕ, ಪದ ಕೊಟ್ಟರೆ ಕಾಗದಗಳ ಸಾಲು ಕೊಟ್ಟು ಸುಮ್ಮನಾಗುತ್ತಿತ್ತು. ಹೊಸದು ಮಾತುಗಾರ. ಒಂದಿಷ್ಟು ತಂದು ತೋರಿಸಿ, ಇದರಲ್ಲಿ ಯಾವುದು ಬೇಕು ಯಾವುದು ಬೇಡ ಎಂದು ಕೇಳುತ್ತಿತ್ತು. ಬೇಕು ಎಂದದ್ದನ್ನು ನೋಡಿಕೊಂಡು ಅಂಥದ್ದನ್ನೇ ಇನ್ನಷ್ಟು ಹುಡುಕಿ ತರುತ್ತಿತ್ತು. ಹೀಗೆ ಮೂರು ಸುತ್ತು. ಇದನ್ನು ಬರೆದವನು ಮೈಸೂರು ಕಡೆಯ ಪ್ರೋಗ್ರಾಮರ್. ಮೆಲ್ಲಗೆ ಮಾತಾಡುವ, ಪ್ರತಿಯೊಂದಕ್ಕೂ 'ಪರವಾಗಿಲ್ಲ ಮೇಡಂ' ಎನ್ನುವ ಮನುಷ್ಯ. ಬಂದ ಮೊದಲ ದಿನ ಇಂಡಿಯ ಹೋಟೆಲಿನವನು ಏನು ಬೇಕೆಂದು ಜೋರು ದನಿಯಲ್ಲಿ ಕೇಳಿದ್ದಕ್ಕೆ, ತಾನೇನು ತಪ್ಪು ಮಾಡಿದೆನೆಂದು ನನ್ನ ಮುಖ ನೋಡಿದ್ದ. ಬೈದದ್ದಲ್ಲ, ಪ್ರೀತಿಯಿಂದ ವಿಚಾರಿಸಿದ್ದು ಎಂದು ನಾನು ಬಿಡಿಸಿ ಹೇಳಬೇಕಾಯಿತು.

ಈ ಮನುಷ್ಯನಿಗೆ ನಮ್ಮ ಭಾಗದ ಬಗ್ಗೆ ಒಂದು ಗಟ್ಟಿ ನಂಬಿಕೆ ಬೆಳೆದುಬಿಟ್ಟಿತ್ತು. ಇಲ್ಲಿಯವರು ಮುಖಕ್ಕೆ ಹೊಡೆದಂತೆ ಮಾತಾಡುತ್ತಾರೆ, ಹಾಗಾಗಿ ಇವರು ಚೆನ್ನಾಗಿದೆ ಎಂದರೆ ಅದು ಚೆನ್ನಾಗಿಯೇ ಇರುತ್ತದೆ. ನಮ್ಮ ಮೈಸೂರು ಕಡೆಯವರಾದರೆ ನಂಬುವಂತಿಲ್ಲ, ಇವರನ್ನು ನಂಬಬಹುದು ಎನ್ನುತ್ತಿದ್ದ. ಇದೇ ಮಣ್ಣಲ್ಲಿ ಹುಟ್ಟಿದ ನಾನು ಅದಕ್ಕೆ ಹೆಮ್ಮೆಯಿಂದ ತಲೆ ಆಡಿಸಿದೆ.

ಧಾರವಾಡದಲ್ಲಿದ್ದು ಯೋಜನೆ ನಡೆಸುತ್ತಿದ್ದ ನಮ್ಮ ಸರ್ ಹಾಕಿಕೊಟ್ಟ ನಿಯಮ ಒಂದೇ. ಪ್ರಶ್ನೆ ಯಾರದೋ ಅವರೇ ನ್ಯಾಯಾಧೀಶರು. ಕಾಗದ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂದು ನಾವು ಹೇಳಕೂಡದು, ಕೇಳಿದವರು ಹೇಳಬೇಕು. ಅದರಂತೆ ನಾಲ್ಕೂ ಊರಿನಲ್ಲಿ ಜನರನ್ನು ಯಂತ್ರದ ಮುಂದೆ ಕೂರಿಸಿದೆವು. ಇಂಡಿಯಲ್ಲಿ ನಿಂಬೆ ಬೆಳೆಯುವವರು, ಮುದ್ದೇಬಿಹಾಳದಲ್ಲಿ ನಿವೃತ್ತ ಮಾಸ್ತರರು, ಬಾಗೇವಾಡಿಗೆ ಮಸೂತಿಯಿಂದ ಬರುತ್ತಿದ್ದ ಶೇಂಗಾ ಬೆಳೆಗಾರರು. ನಾನು ಅವರ ಮಾತನ್ನು ಟೈಪು ಮಾಡುವುದು, ಕಾಗದ ಬರುವುದು, ಅವರು ಓದುವುದು, ಓದಲು ಬಾರದವರಿಗೆ ನಾನು ಓದಿ ಹೇಳುವುದು. ಆಮೇಲೆ ಪ್ರಶ್ನೆ: ಇದು ಬೇಕೇನ್ರಿ? ಎಲ್ಲರೂ ಬೇಕು ಎಂದರು. ಎಲ್ಲ ಕಾಗದಕ್ಕೂ ಬೇಕು ಎಂದರು. ಸಿಂದಗಿಯ ಲೆಕ್ಕವೂ ಸೇರಿ ಪೂರ್ತಿ ಅಂಕ ಬಂದದ್ದು, ನಾನು ಕುಣಿದದ್ದು, ಅವ್ವ ಡಬ್ಬಿ ತುಂಬಿ ಕಳಿಸಿದ್ದ ಶೇಂಗಾ ಹೋಳಿಗೆಯನ್ನು ವಾಚನಾಲಯದಲ್ಲಿ ಇದ್ದಬದ್ದವರಿಗೆಲ್ಲ ಹಂಚಿದ್ದು ಆಗಲೇ. ಹೋಳಿಗೆಗೂ ಪೂರ್ತಿ ಅಂಕ ಬಂತು. ಇಂಥ ಹೋಳಿಗೆ ತಿಂದೇ ಇಲ್ಲ ಎಂದರು ಎಲ್ಲರೂ.

ಆಮೇಲೆ ನಿಯಮದ ಪ್ರಕಾರ ಹಳೆಯ ಮೂಕ ಯಂತ್ರವನ್ನೂ ಅದೇ ಜನರ ಮುಂದೆ ಇಟ್ಟು ಅಳೆದೆವು. ಅದಕ್ಕೂ ಪೂರ್ತಿ ಅಂಕ ಬಂತು.

ಎಸ್‌ಟಿಡಿ ಬೂತಿನಿಂದ ಸರ್‌ಗೆ ಫೋನು ಮಾಡಿ ನಾನು ಖುಷಿಯಿಂದಲೇ ಸುದ್ದಿ ಹೇಳಿದೆ.  ಎರಡೂ ಒಂದೇ ಆದರೆ ಹೊಸದು ಯಾತಕ್ಕೆ ಎಂದು ಯೋಜನೆಗೆ ಹಣ ಕೊಡುವ ಸಮಿತಿಯವರು ಕೇಳುವುದಿಲ್ಲವೇ ಎಂದರು ಸರ್. ಬರುವ ತಿಂಗಳು ಸಮಿತಿ ಸಿಂದಗಿಗೆ ಬರಲಿತ್ತು. ಹೊಸ ಯಂತ್ರ ಹಳೆಯದಕ್ಕಿಂತ ಮೇಲು ಎಂದು ತೋರಿಸಿದರೆ ನಾಲ್ಕೂ ಕಂಪ್ಯೂಟರ್ ಇಲ್ಲಿಯೇ ಉಳಿಯುತ್ತವೆ; ತೋರಿಸಲು ಆಗದಿದ್ದರೆ ಲಾರಿ ಬಂದು ಹೊತ್ತುಕೊಂಡು ಹೋಗುತ್ತದೆ. ಇದನ್ನು ಸರ್ ತಮ್ಮ ಎಂದಿನ ಮೃದು ದನಿಯಲ್ಲಿಯೇ ಹೇಳಿ ಫೋನು ಇಟ್ಟರು. ನಾನು ಬೂತಿನ ಹೊರಗೆ ಬಂದು ಪ್ರೋಗ್ರಾಮರ್‌ನ ಬೆನ್ನಿಗೆ ಗುದ್ದಿದೆ. ಖುಷಿ ಎಂದುಕೊಂಡು ಅವನು ನಕ್ಕ.

ಎಲ್ಲೋ ಎಡವಟ್ಟಾಗಿದೆ ಎಂಬುದು ಖಚಿತವಿತ್ತು, ಎಲ್ಲಿ ಎಂಬುದು ತಿಳಿಯಲಿಲ್ಲ. ಮತ್ತೆ ಮೊದಲಿನಿಂದ ಒಬ್ಬೊಬ್ಬರನ್ನೇ ಕೂರಿಸಿ ಕಣ್ಣಲ್ಲಿ ಕಣ್ಣಿಟ್ಟು ನೋಡೋಣ ಎಂದು ಸಿಂದಗಿಗೆ ಬಂದೆವು. ಅವತ್ತು ಬಂದವರು ದೇವಣಗಾಂವದ ಒಬ್ಬ ಅಜ್ಜಿ, ನಮ್ಮ ಮಾತಿನಲ್ಲಿ ಆಯಿ. ಬೆಳ್ಳಗಿನ ತಲೆ, ದಾರ ಕಟ್ಟಿದ ಕನ್ನಡಕ. ಸ್ವಂತ ಹೊಲದಲ್ಲಿ ತೊಗರಿ ಬೆಳೆಯುತ್ತಿದ್ದರು. ಸಣ್ಣವರಿದ್ದಾಗ ಸಾಲಿ ಕಲಿತದ್ದನ್ನು ಮರೆಯದೆ, ಕೈಗೆ ಸಿಕ್ಕ ಪತ್ರಿಕೆಯನ್ನು ಜಾಹೀರಾತು ಸಮೇತ ಓದುವವರು. ಪೇಟೆಯ ಕೆಲಸಕ್ಕೆಂದು ಸಿಂದಗಿಗೆ ಬಂದಾಗಲೆಲ್ಲ ವಾಪಸ್ಸು ಬಸ್ಸಿನ ಹೊತ್ತಾಗುವ ತನಕ ನಮ್ಮಲ್ಲಿ ಕೂರುತ್ತಿದ್ದರು. ಅವ್ವನ ಹೋಳಿಗೆಯನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದವರೂ ಅವರೇ.

ಆಯಿಯ ಪ್ರಶ್ನೆ ಸರಳವಾಗಿತ್ತು. ತೊಗರಿಗೆ ಕಾಯಿ ಕೊರೆಯುವ ಹುಳ ಬಿದ್ದಿದೆ, ಏನು ಮಾಡಬೇಕು? ಹೊಸ ಯಂತ್ರ ಮೊದಲ ಸುತ್ತಿನಲ್ಲಿ ಒಳ್ಳೆಯ ಕಾಗದಗಳನ್ನೇ ತಂದಿತು. ನಡುವೆ ಒಂದು ಮಾತ್ರ ಆಡಿನ ಕಾಗದ. ಆಡಿನ ಹೊಟ್ಟೆಯ ಹುಳಕ್ಕೆ ಏನು ಔಷಧ, ಮೇವಿಗೆ ತೊಗರಿಯ ಹೊಟ್ಟು ಎಷ್ಟು ಕೊಡಬೇಕು ಎಂದು ಅದರಲ್ಲಿತ್ತು. ತೊಗರಿಯೂ ಇದೆ, ಹುಳವೂ ಇದೆ, ಯಂತ್ರಕ್ಕೆ ಅಷ್ಟು ಸಾಕಾಗಿತ್ತು. ಇದು ಬೇಕೇನ್ರಿ ಎಂದೆ. ಆಯಿ ಕಾಗದವನ್ನು ಹಿಂದೆ ಮುಂದೆ ನೋಡಿ, ಬೇಕು ಎಂದರು.

ನಮ್ಮ ಮಾತುಗಾರ ಯಂತ್ರ ಆ ಮಾತನ್ನು ನಂಬಿತು. ಎರಡನೆಯ ಸುತ್ತಿನಲ್ಲಿ ಅರ್ಧ ತೊಗರಿ, ಅರ್ಧ ಆಡು ಬಂತು. ಆಯಿ ಎಲ್ಲದಕ್ಕೂ ಬೇಕು ಎಂದರು. ಮೂರನೆಯ ಸುತ್ತಿನಲ್ಲಿ ತೊಗರಿಯ ಸುಳಿವೇ ಇಲ್ಲ. ಆಡಿನ ತಳಿಗಳು, ಆಡಿನ ದೊಡ್ಡಿ ಕಟ್ಟುವ ಬಗೆ, ಆಡಿನ ಹಾಲಿನ ಉಪಯೋಗ, ಒಳ್ಳೆಯ ಹೋತವನ್ನು ಆರಿಸುವುದು ಹೇಗೆ ಎಂಬ ರೇಡಿಯೊ ಭಾಷಣ. ಪ್ರಿಂಟರ್ ಕರ್ರೋ ಎಂದು ಒಂದಾದ ಮೇಲೊಂದು ಆಡನ್ನು ಹೊರಗೆ ಬಿಡುತ್ತಿತ್ತು. ಆಯಿ ನಗುಮುಖದಿಂದ ಒಂದೊಂದನ್ನೂ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಪ್ರೋಗ್ರಾಮರ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

"ಆಯಿ, ನಿಮ್ಮಲ್ಲಿ ಆಡು ಅದಾವೇನ್ರಿ?" ಎಂದು ಕೇಳಿದೆ.

"ಇಲ್ಲವಾ. ಒಂದೂ ಇಲ್ಲ."

"ಮತ್ತ ಇವನ್ನೆಲ್ಲಾ ಬೇಕು ಅಂದ್ರೆಲ್ಲರಿ?"

ಆಯಿ ಯಂತ್ರದ ಕಡೆ ಒಮ್ಮೆ ನೋಡಿ, ಅದಕ್ಕೆ ಕೇಳಿಸಬಾರದೆಂಬಂತೆ ದನಿ ಇಳಿಸಿದರು. "ಪಾಪ, ಅದು ಅಷ್ಟು ಹುಡುಕಿ ಹುಡುಕಿ ತಂದೈತಿ. ನಾಕ ಮಂದಿ ಮುಂದ ಬ್ಯಾಡ ಅಂದ್ರ ಅದರ ಮಾರಿ ಏನಾಗಬೇಕು?"

ನನಗೆ ಮೊದಲು ನಗು ಬಂತು. ತಡೆಯಲಾಗದೆ ಹೊರಗೆ ಓಡಿ, ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಆಮೇಲೆ ಅದೇ ನೀರು ಅಳುವಿಗೂ ಬಳಕೆಯಾಯಿತು. ಯಾಕೆಂದರೆ ನನಗೆ ಎಲ್ಲವೂ ಒಮ್ಮೆಲೆ ತಿಳಿದುಹೋಗಿತ್ತು, ಮತ್ತು ಇದು ನನಗೆ ಮೊದಲ ದಿನವೇ ತಿಳಿಯಬೇಕಾಗಿತ್ತು. ನಮ್ಮ ಕಡೆಯವರ ನಾಲಿಗೆ ಒರಟು, ನಿಜ. ಆದರೆ ಬಡಿಸಿದ್ದನ್ನು ಬೇಡ ಎನ್ನುವುದು ಮಾತ್ರ ನಮ್ಮಿಂದ ಆಗುವುದಿಲ್ಲ. ನಮ್ಮ ಕಾಕಾ ಒಮ್ಮೆ ಬೀಗರ ಮನೆಯಲ್ಲಿ ಎರಡು ಸಲ ಉಪ್ಪು ಬಿದ್ದಿದ್ದ ಸಾರನ್ನು, ಭಾಳ ಚೊಲೊ ಆಗೇತಿ ಎಂದು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡು, ಮನೆಗೆ ಬಂದು ಕೊಡದ ನೀರೆಲ್ಲ ಕುಡಿದಿದ್ದರು. ಆ ಸಾರಿಗೂ ಪೂರ್ತಿ ಅಂಕವೇ. ನಾವು ನಾಲ್ಕು ತಾಲೂಕು ತಿರುಗಿ ಅಳೆದದ್ದು ಯಂತ್ರವನ್ನಲ್ಲ, ನಮ್ಮ ಮಂದಿಯ ಮರ್ಯಾದೆಯನ್ನು.

ಪ್ರೋಗ್ರಾಮರ್‌ಗೆ ಇದನ್ನು ಹೇಳಿದರೆ ಅವನು ನಂಬಲಿಲ್ಲ. ಅಷ್ಟು ಜೋರಾಗಿ ಮಾತಾಡುವವರಿಗೆ ಇಷ್ಟು ದಾಕ್ಷಿಣ್ಯವೇ ಎಂದ. ಮರುದಿನ ಅವನು ತನ್ನ ದುಂಡಗಿನ ಅಕ್ಷರದಲ್ಲಿ 'ದಯವಿಟ್ಟು ನಿಜವನ್ನೇ ಹೇಳಿ' ಎಂದು ಬರೆದು ಗೋಡೆಗೆ ಅಂಟಿಸಿದ. ಅದನ್ನು ಓದಿದ ಮೊದಲನೆಯವರೇ ಎದ್ದು ನಿಂತು, ನಾವೇನು ಸುಳ್ಳು ಹೇಳುವ ಮಂದಿಯೇ ಎಂದು ಜಗಳಕ್ಕೆ ಬಂದರು. ಚಹಾ ಕುಡಿಸಿ ಸಮಾಧಾನ ಮಾಡಬೇಕಾಯಿತು. ಮಧ್ಯಾಹ್ನದೊಳಗೆ ಕಾಗದ ಗೋಡೆಯಿಂದ ಇಳಿಯಿತು. ಇತ್ತ ಸಮಿತಿ ಬರುವ ದಿನ ಹತ್ತಿರವಾಗುತ್ತಿತ್ತು. ನನಗೆ ಕಣ್ಣು ಮುಚ್ಚಿದರೆ ಲಾರಿಯೇ ಕಾಣುತ್ತಿತ್ತು.

ಅದೇ ವಾರ ಬಾಗೇವಾಡಿಯಿಂದ ಸಿಂದಗಿಗೆ ಹೋಗುವಾಗ ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಲು ಇಳಿದೆವು. ಅವತ್ತು ಅಲ್ಲಿ ಸಂತೆ. ಮುಂದಿನ ಬಸ್ಸಿಗೆ ಹೊತ್ತಿದ್ದುದರಿಂದ ಹಾಗೇ ಒಳಗೆ ನುಗ್ಗಿದೆವು. ಬದನೆಕಾಯಿ ಹರವಿಕೊಂಡು ಕೂತವಳ ಮುಂದೆ ಪರಿಚಯದ ಬಿಳಿ ತಲೆ ಕಂಡಿತು. ನಮ್ಮ ದೇವಣಗಾಂವದ ಆಯಿ. ಮಗಳನ್ನು ಆ ಊರಿಗೆ ಕೊಟ್ಟಿದ್ದರು, ಅವಳ ಮನೆಗೆ ಬಂದಿದ್ದರು. ಮಾತಾಡಿಸೋಣವೆಂದು ಹತ್ತಿರ ಹೋದವಳು ಅಲ್ಲೇ ನಿಂತುಬಿಟ್ಟೆ.

ಆಯಿ ಒಂದೊಂದೇ ಬದನೆಕಾಯಿ ಎತ್ತಿ, ತೊಟ್ಟು ತಿರುವಿ, ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಇದು ಮೆತ್ತಗ ಐತಿ, ಇದು ಹುಳಕ, ಇದು ನಿನ್ನೀದು ಎನ್ನುತ್ತ ಆ ಕಡೆ ಎಸೆಯುತ್ತಿದ್ದರು. ಇಷ್ಟು ಕೆಟ್ಟ ಮಾಲನ್ನು ಹೊತ್ತು ತರಲು ನಿನಗೆ ಹೆಗಲು ನೋಯಲಿಲ್ಲವೇ ಎಂದು ಮಾರುವವಳನ್ನು ವಿಚಾರಿಸಿದರು. ಮಾರುವವಳು ಒಂದಿಷ್ಟೂ ಬೇಜಾರಿಲ್ಲದೆ ಚೀಲದ ತಳದಿಂದ ಮತ್ತಷ್ಟು ತೆಗೆದು ಸುರುವಿದಳು. ಆಡಿನ ಕಾಗದಕ್ಕೆ ಬೇಡ ಎನ್ನಲಾರದೆ ಹೋದ ಅದೇ ಆಯಿ! ರಾಶಿಯೊಳಗಿಂದ ಬೇಕಾದ ನಾಲ್ಕನ್ನು ಆರಿಸಿ, ಉಳಿದದ್ದರ ಕಡೆ ತಿರುಗಿಯೂ ನೋಡದೆ ಎದ್ದರು.

ನಾನು ಪ್ರೋಗ್ರಾಮರ್‌ನ ಬೆನ್ನಿಗೆ ಎಷ್ಟು ಜೋರಾಗಿ ಗುದ್ದಿದೆನೆಂದರೆ ಅವನ ಕೈಯಲ್ಲಿದ್ದ ಶೇಂಗಾ ಪೊಟ್ಟಣ ಹಾರಿ ಬಿತ್ತು. ನಾವು ಇಷ್ಟು ದಿನ ಮಾಡಿದ ತಪ್ಪು ಇದು ನೋಡು ಎಂದೆ. ನಾವು ಕಾಗದವನ್ನು ಒಂದೊಂದಾಗಿ ಕೈಗೆ ಕೊಟ್ಟು, ಮುಖ ನೋಡಿ, ಬೇಕೇನ್ರಿ ಎಂದು ಕೇಳುತ್ತಿದ್ದೆವು. ಅದು ಬಡಿಸುವ ರೀತಿ. ನೆಲದ ಮೇಲೆ ಹರವಿ ಸುಮ್ಮನೆ ಕೂರಬೇಕು. ಇದೇ ಜನ ಆಗ ಹೇಗೆ ಆರಿಸುತ್ತಾರೆ ನೋಡುವಿಯಂತೆ! ಅವನು ನೆಲದ ಮೇಲಿನ ಶೇಂಗಾ ಆರಿಸುತ್ತ, 'ಪರವಾಗಿಲ್ಲ ಮೇಡಂ' ಎಂದ. ಸ್ವಲ್ಪ ಹೊತ್ತಿನ ಮೇಲೆ ಅವನಿಗೂ ಅರ್ಥವಾಗಿ, ಶೇಂಗಾ ಅಲ್ಲೇ ಬಿಟ್ಟು ಎದ್ದು ನಿಂತ.

ಹೀಗೆ ನಮ್ಮ ಕಾಗದದ ಸಂತೆ ಶುರುವಾಯಿತು. ವಾಚನಾಲಯದ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ, ಹೊಸ ಯಂತ್ರದ ಕಾಗದಗಳನ್ನೂ ಹಳೆಯದರ ಕಾಗದಗಳನ್ನೂ ಬೆರೆಸಿ ಹರವುತ್ತಿದ್ದೆವು. ಯಾವುದು ಯಾವ ಯಂತ್ರದ್ದೆಂದು ನಮಗೆ ಮಾತ್ರ ತಿಳಿಯುವಂತೆ ಬೆನ್ನಿಗೆ ಸಣ್ಣ ಗುರುತು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲು. ಪ್ರಶ್ನೆ ಕೇಳಿದವರು ಕೂತು ಆರಿಸಬೇಕು, ಬೇಕಾದದ್ದನ್ನು ಮನೆಗೆ ಒಯ್ಯಬೇಕು, ಬೇಡವಾದದ್ದನ್ನು ಅಲ್ಲೇ ಬಿಡಬೇಕು. ಆರಿಸಿದ್ದರಲ್ಲಿ ಹೊಸ ಯಂತ್ರದ್ದು ಯಾವುದೆಂದು ನೋಡಿ ಅದಕ್ಕೆ ತಿಳಿಸುತ್ತಿದ್ದೆವು, ಅದು ಒಳಗೆ ಮುಂದಿನ ಸುತ್ತು ಹುಡುಕುತ್ತಿತ್ತು. ಹಳೆಯ ಮೂಕನಿಗೂ ಅನ್ಯಾಯವಾಗಬಾರದೆಂದು, ಕೇಳುವವರು ಬಯಸಿದರೆ ಬೇರೆ ಪದ ಕೊಟ್ಟು ಅದರಿಂದಲೂ ಮತ್ತೆ ಹುಡುಕಿಸುತ್ತಿದ್ದೆವು. ನಾವು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನಂತೂ ಬೇಕೆಂದೇ ಬೀದಿಯ ಕಡೆ ತಿರುಗಿ ಕೂರುತ್ತಿದ್ದೆ.

ಆಹಾ, ಎಂಥ ದಿನಗಳವು! ಇಂಡಿಯ ನಿಂಬೆಯವರು ಒಂದು ಕಾಗದವನ್ನು ಎರಡು ಬೆರಳಲ್ಲಿ ಎತ್ತಿ, ಇದನ್ನು ಬರೆದವನು ಜನ್ಮದಲ್ಲಿ ನಿಂಬೆಗಿಡ ನೋಡಿದ್ದಾನೋ ಇಲ್ಲವೋ ಎಂದು ಇಡೀ ಪಡಸಾಲೆಗೆ ಕೇಳುವಂತೆ ಹೇಳಿ ಬಿಸುಟರು. ಮುದ್ದೇಬಿಹಾಳದ ಮಾಸ್ತರರು ಎಲ್ಲ ಕಾಗದವೂ ಹಳಸಲು ಎಂದು ಮೂಗು ಮುರಿದರು. ಮಸೂತಿಯವರೊಬ್ಬರು ಗೋಣಿತಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಏನೂ ಎತ್ತಿಕೊಳ್ಳದೆ, ನಾಳೆ ಬರುತ್ತೇನೆ ಚೊಲೊ ಮಾಲು ತಂದಿಡಿ ಎಂದು ಹೊರಟೇಹೋದರು. ಒಂದೊಂದು ಬೈಗುಳಕ್ಕೂ ನಾವು ಒಳಗೆ ಹೋಗಿ ಬಾಯಿಗೆ ಬಟ್ಟೆ ಹಿಡಿದು ನಗುತ್ತಿದ್ದೆವು. ಮೆಲ್ಲಗೆ ಮಾತಾಡುವ ನಮ್ಮ ಪ್ರೋಗ್ರಾಮರ್ ಪಡಸಾಲೆಯ ಮೆಟ್ಟಿಲ ಮೇಲೆ ನಿಂತು, ಬರ್ರಿ ಬರ್ರಿ, ಆರಿಸಿಕೋರ್ರಿ ಎಂದು ಕೂಗುವುದನ್ನು ಕಲಿತ. ಅವನ ಬಾಯಲ್ಲಿ ಅದು ಎಷ್ಟು ವಿನಯವಾಗಿ ಬರುತ್ತಿತ್ತೆಂದರೆ, ಜನ ಅದನ್ನು ಕೇಳಲೆಂದೇ ನಿಲ್ಲುತ್ತಿದ್ದರು.

ಅಂಕಗಳು ಬಿದ್ದವು. ಬಿದ್ದವು ಎಂದರೆ ಮಾಳಿಗೆಯಿಂದ ಕೊಡ ಬಿದ್ದ ಹಾಗೆ. ಆದರೆ ಹಳೆಯದು ಹೊಸದಕ್ಕಿಂತ ಬಹಳ ಕೆಳಗೆ ಹೋಗಿ ಬಿತ್ತು. ಬೇಡವಾದದ್ದನ್ನು ಜನ ನಿಜವಾಗಿಯೂ ಬೇಡ ಎಂದಾಗ ನಮ್ಮ ಮಾತುಗಾರ ಯಂತ್ರಕ್ಕೆ ದಾರಿ ಸಿಕ್ಕಿತ್ತು. ತೊಗರಿ ಕೇಳಿದವರಿಗೆ ಎರಡನೆಯ ಸುತ್ತಿನಲ್ಲಿ ತೊಗರಿಯೇ ಬರುತ್ತಿತ್ತು, ಮೂರನೆಯದರಲ್ಲಿ ಇನ್ನೂ ಒಳ್ಳೆಯ ತೊಗರಿ. ಈ ನಡುವೆ ಸರ್ ಒಕ್ಕಲುತನ ಬಲ್ಲವರಿಂದ ಎಲ್ಲ ಕಾಗದ ಓದಿಸಿ, ಒಂದೊಂದು ಪ್ರಶ್ನೆಗೂ ಬೇಕಾದ ಕಾಗದಗಳ ಕಟ್ಟು ಮಾಡಿಸಿದ್ದರು. ಬೇಕಾದದ್ದರಲ್ಲಿ ಬಂದದ್ದೆಷ್ಟು ಎಂದು ಅದರೊಂದಿಗೆ ಹೋಲಿಸಿದರೆ ಅಲ್ಲಿಯೂ ಹೊಸದೇ ಮುಂದೆ. ಪೂರ್ತಿ ಅಂಕ ಬಂದಾಗ ಕುಣಿದದ್ದಕ್ಕಿಂತ ಜೋರಾಗಿ ನಾನು ಅಂಕ ಬಿದ್ದಾಗ ಕುಣಿದೆ. ಕನ್ನಡಕದ ಹಿರಿಯರು ಈ ಸಲ ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಂಡರು.

ಸಮಿತಿ ಬಂದ ದಿನ ವಾಚನಾಲಯಕ್ಕೆ ಸುಣ್ಣ ಬಳಿದಿತ್ತು. ಬೆಂಗಳೂರಿನಿಂದ ಬಂದ ಅಧ್ಯಕ್ಷರು, ಜೊತೆಗೆ ಇನ್ನಿಬ್ಬರು, ನಮ್ಮ ಸರ್. ನಾನು ಎರಡೂ ಲೆಕ್ಕ ಮುಂದಿಟ್ಟು ಸಂತೆಯ ಕಥೆ ಹೇಳಿದೆ. ಎಲ್ಲರೂ ನಕ್ಕರು. ಅಧ್ಯಕ್ಷರು ನಗುತ್ತಲೇ ಒಂದು ಪ್ರಶ್ನೆ ಕೇಳಿದರು. ಈ ಯಂತ್ರ ಇಲ್ಲಿ ಉಳಿಯುವುದು ದಿನವೂ ಜನ ಮುಂದೆ ಕೂತು ಬಳಸಲೆಂದಲ್ಲವೇ? ಬೇಡ ಎಂದು ಅದಕ್ಕೆ ನೇರವಾಗಿ ಹೇಳಲಾಗದವರಿಗೆ ಕೇಳಿ ಕೇಳಿ ಹುಡುಕುವ ಯಂತ್ರದಿಂದ ಏನುಪಯೋಗ? ನೀವು ದಿನಾ ಗೋಣಿತಟ್ಟು ಹಾಸುತ್ತೀರಾ?

 ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಾಲ್ಕೂ ಕಂಪ್ಯೂಟರ್ ಲಾರಿಯ ಹಿಂಬದಿಯಲ್ಲಿ ಅಲುಗಾಡುತ್ತ ಹೋಗುವುದು ಕಣ್ಣಿಗೆ ಕಟ್ಟಿತು. ಅಧ್ಯಕ್ಷರು ಸುತ್ತ ನೋಡಿ, ಅಲ್ಲಿ ಪತ್ರಿಕೆ ಓದುತ್ತ ಕೂತಿದ್ದ ದೇವಣಗಾಂವದ ಆಯಿಯನ್ನೇ ಕರೆದು, ನಮ್ಮ ಮುಂದೆ ಒಮ್ಮೆ ಬಳಸಿ ತೋರಿಸಿ ಎಂದರು.  ದೂರದ ಊರಿನಿಂದ ಬಂದ ಅತಿಥಿಗಳು, ಕೋಟು, ಸುಣ್ಣ ಬಳಿದ ಗೋಡೆ. ಇವರೆದುರು ಯಂತ್ರ ಆಡಿನ ಮಂದೆಯನ್ನೇ ತಂದುಕೊಟ್ಟರೂ ಆಯಿ ಬೇಡ ಎನ್ನುವವರಲ್ಲ.

ಆಯಿ ಬಂದು ಕೂತರು. ತೊಗರಿ ಕಾಳು ಕೂಡಿಟ್ಟರೆ ನುಸಿ ಹತ್ತುತ್ತದೆ, ಏನು ಮಾಡಬೇಕೆಂದು ಕೇಳಿದರು. ನಾನು ಟೈಪು ಮಾಡಿದೆ. ಪರದೆಯ ಮೇಲೆ ಸಾಲು ಮೂಡಿತು. ಎಲ್ಲಕ್ಕಿಂತ ಮೇಲೆ, ಅಷ್ಟೂ ಜನರ ಕಣ್ಣೆದುರು, ಆಡು. ಮೇವಿನ ತೊಗರಿಗೆ ನುಸಿ ಹತ್ತಿದರೆ ಆಡಿಗೆ ಏನಾಗುತ್ತದೆ ಎಂಬ ಕರಪತ್ರ. ಪ್ರೋಗ್ರಾಮರ್ ಕಣ್ಣು ಮುಚ್ಚಿದ.

"ಇದು ನಿಮಗೆ ಬೇಕಾ ಅಜ್ಜಿ?" ಎಂದು ಅಧ್ಯಕ್ಷರು ಬಗ್ಗಿ ಕೇಳಿದರು.

ಆಯಿ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು. ಸೆರಗಿನ ತುದಿಯಿಂದ ಅದರ ಮೇಲಿನ ಧೂಳು ಒರೆಸಿದರು.

"ಬ್ಯಾಡ," ಎಂದರು. "ಮತ್ತ ಆಡ ತಂದೈತಿ ನೋಡ ಇದು. ತಗೀ ಇದನ್ನ."

ನಾನು ತೆಗೆದೆ. ಎರಡನೆಯದು ಬೇಕು, ಮೂರನೆಯದು ಬ್ಯಾಡ, ನಾಲ್ಕನೆಯದರಲ್ಲಿ ಬೂದಿ ಬೆರೆಸುವ ವಿಷಯ ಐತಿ, ಅದು ಇರಲಿ. ಆಯಿ ಹೇಳುತ್ತ ಹೋದರು, ಯಂತ್ರ ಮುಂದಿನ ಸುತ್ತು ಹುಡುಕಿತು. ಬಂದದ್ದೆಲ್ಲ ನುಸಿಯದು, ಕಾಳಿನದು, ಕಣಜದ್ದು. ಹುಡುಕಿದರೂ ಒಂದು ಆಡಿಲ್ಲ.

ಅಧ್ಯಕ್ಷರು ಕುತೂಹಲದಿಂದ, ಮೊದಲೆಲ್ಲ ಏನು ಕೊಟ್ಟರೂ ಬೇಕು ಎನ್ನುತ್ತಿದ್ದಿರಂತೆ, ಈಗ ಹೇಗೆ ಬೇಡ ಎಂದಿರಿ ಎಂದು ಕೇಳಿದರು.

"ಆವಾಗ ಇದು ಹೊಸದಾಗಿ ಬಂದಿತ್ತರಿ, ಬೀಗರ ಇದ್ದಂಗ," ಎಂದರು ಆಯಿ. "ಈಗ ದಿನಾ ನೋಡಿ ನೋಡಿ ಮನಿ ಮಂದಿ ಆಗೈತಿ. ಮನಿ ಮಂದಿಗಿ ಬ್ಯಾಡ ಅಂದ್ರ ಅವರೇನು ಸಿಟ್ಟಿಗೇಳೂದಿಲ್ರಿ."

ಸರ್ ಕಿಟಕಿಯ ಕಡೆ ತಿರುಗಿಕೊಂಡರು. ಅಧ್ಯಕ್ಷರು ಪೆನ್ನು ತೆಗೆದು ಏನೋ ಬರೆದು, ಜೊತೆಯವರ ಮುಖ ನೋಡಿ, ನಾಲ್ಕೂ ಇಲ್ಲೇ ಇರಲಿ ಎಂದರು. ಇಷ್ಟೇ. ಲಾರಿ ಬರಲಿಲ್ಲ. ನಾನು ಕುಣಿಯಬಾರದೆಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವರ ಜೀಪು ತಿರುವು ದಾಟಿದ ಮೇಲೆ ನನ್ನನ್ನು ಯಾರೂ ಹಿಡಿಯಲಾಗಲಿಲ್ಲ. ಪ್ರೋಗ್ರಾಮರ್ ತನ್ನ ಬೆನ್ನನ್ನು ಗೋಡೆಗೆ ಆನಿಸಿಕೊಂಡು ಜಾಗರೂಕನಾಗಿ ನಿಂತಿದ್ದ.

ಖುಷಿಯ ದಿನವೆಂದು ಅವ್ವ ಅವತ್ತೂ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಳಿಸಿದ್ದಳು. ಮೊದಲ ಹೋಳಿಗೆಯನ್ನು ಆಯಿಗೆ ಕೊಟ್ಟೆ. ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ಉಳಿದದ್ದನ್ನು ಡಬ್ಬಿಗೇ ವಾಪಸ್ಸು ಇಟ್ಟರು.

"ನಿಮ್ಮವ್ವಗ ಹೇಳವಾ," ಎಂದರು. "ಬೆಲ್ಲ ಭಾಳ ಆಗೈತಿ. ಮೊದಲಿಂದನೂ ಭಾಳನ ಆಗತೈತಿ."

 ಕಣ್ಣು ತುಂಬಿ ಬಂತು, ನಗುವೂ ಬಂತು. ಜೀವನದಲ್ಲಿ ಎಷ್ಟೋ ಜನ ನನ್ನನ್ನು ಹೊಗಳಿದ್ದಾರೆ, ಅದರಲ್ಲಿ ಯಾವುದೂ ನನಗೆ ಇಷ್ಟು ಹಿಗ್ಗು ಕೊಟ್ಟಿಲ್ಲ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಒಂದು ಗಳಿಗೆ ಮುಖ ಊದಿಸಿಕೊಂಡು ಕೂತಳು. ಆಮೇಲೆ ಡಬ್ಬಿಯಿಂದ ಒಂದು ತುಣುಕು ಮುರಿದು ತಿಂದು ನೋಡಿದಳು, ಮತ್ತೊಂದು ತುಣುಕು ತಿಂದಳು.

"ಹೌದು," ಎಂದಳು. "ಆಕಿನ್ನ ಒಮ್ಮಿ ಮನಿಗಿ ಕರ್ಕೊಂಡು ಬಾ."